ಭಜಿ ಕಟ್ಟಿಕೊಟ್ಟ ಕೊನೆಯ ಪುಟಗಳು

ಗ್ರಂಥಾಲಯದಲ್ಲಿ ಒಂದು ಪುಸ್ತಕ ಕೈಗೆತ್ತಿಕೊಂಡರೆ ನಾನು ಮೊದಲು ನೋಡುವುದು ಅದಕ್ಕೆ ಕೊನೆಯ ಹಾಳೆ ಇದೆಯೋ ಇಲ್ಲವೋ ಎಂದು. ಬರೆದವರ ಹೆಸರು, ಬೆನ್ನುಡಿ, ಮುನ್ನುಡಿ ಎಲ್ಲ ಆಮೇಲೆ. ರಾಯಚೂರಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಪುಸ್ತಕ ಕೊಡುವವರು ಇದನ್ನು ಬಹಳ ದಿನದಿಂದ ಗಮನಿಸಿ, ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು: "ಏನ್ರೀ ಸರ, ಕಡೀಗೆ ಏನಾಗ್ತದ ಅಂತ ಮೊದ್ಲ ನೋಡಿಬಿಟ್ರ ಓದಾಕ ಏನ್ ಮಜಾ ಉಳೀತದ?" ನಾನು ಓದುವುದಿಲ್ಲ, ಹಾಳೆ ಇದೆಯೋ ಇಲ್ಲವೋ ಅಷ್ಟೇ ನೋಡುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುದ್ರೆ ಒತ್ತಿದರು. ಇಂಥವನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾನಲ್ಲ, ಮಕ್ಕಳ ಗತಿ ಏನು ಎಂದು ಅವರಿಗೆ ಅನಿಸಿದ್ದರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನಗೂ ಆಗಾಗ ಅನಿಸಿದೆ.

ಓದುಗನಾಗಿ ನಾನು ಗಟ್ಟಿಗನಲ್ಲ. ಪುಸ್ತಕದಲ್ಲಿ ಏನಿರುತ್ತದೋ ಅದು ನನಗೆ ತಗುಲಿಕೊಳ್ಳುತ್ತದೆ. ಮನೆಮದ್ದಿನ ಪುಸ್ತಕವೊಂದನ್ನು ಓದಿದ ವಾರ ಅದರಲ್ಲಿದ್ದ ರೋಗಗಳೆಲ್ಲ ಪುಟದ ಅನುಕ್ರಮದಲ್ಲಿಯೇ ಬಂದವು. ಬಾಣಂತಿಯರ ಅಧ್ಯಾಯ ತಲುಪಿದಾಗ ಅಲ್ಲಿಯ ಎರಡು ಲಕ್ಷಣಗಳೂ ಕಾಣಿಸಿಕೊಂಡದ್ದನ್ನು ನಮ್ಮ ಮನೆಯಾಕೆಗೆ ಹೇಳಿದೆ. ಆಕೆ ಆಸ್ಪತ್ರೆಯಲ್ಲಿ ನರ್ಸು. ಪುಸ್ತಕ ಕಿತ್ತುಕೊಂಡು ಜೋಳದ ಡಬ್ಬಿಯ ಹಿಂದೆ ಇಟ್ಟಳು. ಈಗಲೂ ನಾನು ಸ್ವಲ್ಪ ಸಪ್ಪಗೆ ಕೂತರೆ ಸಾಕು, "ಈ ಸಲ ಯಾವ ರೋಗ ಓದೀರಿ?" ಎಂದು ಕೇಳುತ್ತಾಳೆ. ಹಾವುಗಳ ಬಗೆಗಿನ ಚಿತ್ರಪುಸ್ತಕ ಓದಿದ ಮೇಲೆ ಮೂರು ತಿಂಗಳು ಬೂಟು ಕೊಡವದೆ ಹಾಕಿಕೊಳ್ಳಲಿಲ್ಲ. ಒಮ್ಮೆ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಮುಖ್ಯೋಪಾಧ್ಯಾಯರ ಬೂಟನ್ನೂ ಅವರ ಎದುರೇ ಕೊಡವಿದೆ. ಸೂರ್ಯ ಕೋಟ್ಯಂತರ ವರ್ಷಗಳಾದ ಮೇಲೆ ಉಬ್ಬಿ ಭೂಮಿಯನ್ನು ನುಂಗುತ್ತಾನೆ ಎಂದು ಓದಿ ಎರಡು ದಿನ ಊಟ ಸೇರಲಿಲ್ಲ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕೂತು ಅದನ್ನು ಓದಬಾರದಿತ್ತು; ಅದು ಶುರುವಾಗಿಯೇಬಿಟ್ಟಿದೆ ಎನಿಸುತ್ತದೆ.

ಅಡುಗೆಯ ಪುಸ್ತಕ ಮಾತ್ರ ನನಗೆ ನೆಮ್ಮದಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಬೇಯಿಸುವುದನ್ನು ನಾನು ರಾಜಕುಮಾರಿಯ ಕತೆಯಂತೆ ಓದುತ್ತೇನೆ. ದೊಡ್ಡವರ ಆತ್ಮಚರಿತ್ರೆ ಓದಿದರೆ ಅನುಮಾನ ಬರುತ್ತದೆ: ತೊಟ್ಟಿಲಲ್ಲಿದ್ದಾಗ ಕಂಡ ಬೆಳಕು ಇವರಿಗೆ ನೆನಪಿದೆಯಂತೆ, ನನಗೆ ಬೆಳಿಗ್ಗೆ ಗ್ಯಾಸು ಆರಿಸಿದ್ದೇ ನೆನಪಿರುವುದಿಲ್ಲ. ಕವಿತೆಯ ಪುಸ್ತಕದಲ್ಲಿ ಅಕ್ಷರಕ್ಕಿಂತ ಖಾಲಿ ಜಾಗ ಹೆಚ್ಚು. ನಾನು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡುತ್ತೇನೆ. ಅಲ್ಲಿ ಏನೋ ಇದೆ, ನಾನು ಪುಟ ತಿರುವುವುದನ್ನೇ ಕಾಯುತ್ತಿದೆ ಎನಿಸುತ್ತದೆ.

ಪುಸ್ತಕದ ಈ ಅಂಜಿಕೆಗೆ ಕಾರಣ ಒಂದು ಪುಸ್ತಕವೇ. ಅದಕ್ಕೆ ರಟ್ಟು ಇರಲಿಲ್ಲ, ಹೆಸರಿರಲಿಲ್ಲ, ಕೊನೆಯೂ ಇರಲಿಲ್ಲ.

ನಾನು ಹುಟ್ಟಿದ್ದು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ. ನಮ್ಮ ಓಣಿಯ ಹೆಂಗಸರು ಭತ್ತದ ನಾಟಿಗೆ, ಹತ್ತಿ ಬಿಡಿಸಲು ಹೋಗುವವರು. ಓದು ಎಂಬುದನ್ನು ಅವರು ಕೇಳಿದ್ದು ಶ್ರಾವಣದಲ್ಲಿ ಮಠದೊಳಗೆ ನಡೆಯುವ ಪುರಾಣದಲ್ಲಿ. ನಮ್ಮವರು ಕೂರುತ್ತಿದ್ದದ್ದು ಮಠದ ಕಟ್ಟೆಯಿಂದ ದೂರ, ಬೇವಿನ ಮರದ ಬುಡದಲ್ಲಿ. ಅಷ್ಟು ದೂರಕ್ಕೆ ಮಾತು ಕೇಳುತ್ತಿರಲಿಲ್ಲ, ಧಾಟಿ ಮಾತ್ರ ಕೇಳುತ್ತಿತ್ತು: ಎಳೆದು, ಏರಿಸಿ, ಕೊನೆಗೆ ಬಾವಿಗೆ ಕೊಡ ಇಳಿಬಿಟ್ಟಂತೆ ಇಳಿಸುವ ಒಂದು ರಾಗ. ನಾನು ಓಣಿಯಲ್ಲಿ ಅಕ್ಷರ ಕಲಿತ ಮೊದಲಿಗ. ಓದುವುದೆಂದರೆ ಆ ರಾಗ ಎಂದೇ ನಾನೂ ತಿಳಿದಿದ್ದೆ. ಹಾಗಾಗಿ ಕೃಷಿ ಇಲಾಖೆಯವರು ಹಂಚಿದ್ದ ಕಾಯಿಕೊರಕ ಹುಳುವಿನ ಕರಪತ್ರವನ್ನು ನಮ್ಮ ಅಂಗಳದಲ್ಲಿ ಪುರಾಣದ ಧಾಟಿಯಲ್ಲಿ ಓದಿದೆ. ಹುಳು ಮೊಟ್ಟೆಯಿಡುವ ಜಾಗ ಬಂದಾಗ ನಮ್ಮವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಅಂದಿನಿಂದ ಓಣಿಯಲ್ಲಿ ನನ್ನ ಹೆಸರು ಪುರಾಣಪ್ಪ.

ಅಮಾವಾಸ್ಯೆಯ ದಿನ ಹೊಲದ ಕೆಲಸ ಇರುತ್ತಿರಲಿಲ್ಲ. ಆ ಮಧ್ಯಾಹ್ನಗಳಲ್ಲಿ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬಂದು, "ಏನರ ಓದಲೇ" ಎನ್ನುತ್ತಿದ್ದರು. ಓದಲು ಏನಿತ್ತು? ಬಸ್ ನಿಲ್ದಾಣದ ಹತ್ತಿರ ಖಾಜಾ ಮಾಮಾನ ಭಜಿ ಅಂಗಡಿಗೆ ಅಕ್ಕಿ ಗಿರಣಿಯವರ ಮನೆಯಿಂದ ರದ್ದಿ ಬರುತ್ತಿತ್ತು. ಅದರಲ್ಲೊಂದು ದಪ್ಪ ಕಾದಂಬರಿ. ಮಾಮಾ ಅದನ್ನು ಹಿಂದಿನಿಂದ ಒಂದೊಂದೇ ಹಾಳೆ ಹರಿದು ಮಿರ್ಚಿ ಭಜಿ ಕಟ್ಟಿಕೊಡುತ್ತಿದ್ದ. ನಾನು ಬೇಡಿಕೊಂಡಾಗ ಉಳಿದದ್ದನ್ನು ಕೊಟ್ಟ. "ತಗೋ ಬೇಟಾ, ಶುರು ಎಲ್ಲಾ ಅದ, ಆಖರಿ ಅಷ್ಟ ಮಂದಿ ಹೊಟ್ಟ್ಯಾಗ ಹೋಗ್ಯದ" ಎಂದ.

ಕಾದಂಬರಿಯ ನಾಯಕಿ ಮಂದಾಕಿನಿ. ತೊಟ್ಟಿಲಲ್ಲಿದ್ದಾಗಲೇ ಅಪ್ಪ ಊರು ಬಿಟ್ಟು ಹೋಗುತ್ತಾನೆ. ಹತ್ತು ವರ್ಷದವಳಿದ್ದಾಗ ಜೋಕಾಲಿಯಿಂದ ಬಿದ್ದು ಎಡಗೈ ಮುರಿಯುತ್ತದೆ. ಬೆಳೆದ ಮೇಲೆ ಗಡಿಯಾರ ರಿಪೇರಿ ಮಾಡುವವನೊಂದಿಗೆ ಮದುವೆ. ಒಂದು ಅಮಾವಾಸ್ಯೆಗೆ ಒಂದು ಅಧ್ಯಾಯದಂತೆ ವರ್ಷವಿಡೀ ಓದಿದೆ. ಹೆಂಗಸರು ಪುಸ್ತಕಕ್ಕೆ ಅರಿಷಿಣ ಕುಂಕುಮ ಹಚ್ಚಿದರು. ಮಂದಾಕಿನಿಯ ಅತ್ತೆ ಆಕೆಯನ್ನು ಬೈಯುವ ಪುಟದಲ್ಲಿ ನಮ್ಮವ್ವ ಎದ್ದು ಹೋಗಿ ಒಲೆಯ ಬೂದಿ ತಂದು ಆ ಹಾಳೆಯ ಮೇಲೆ ಎರಚಿದಳು. ಹೀಗೆ ಓದುತ್ತ ಓದುತ್ತ ಒಂದು ಮಧ್ಯಾಹ್ನ, 'ಆಕೆಗೆ ನಲವತ್ತೊಂದು ತುಂಬಿತು. ಹೊಳೆಯ ದಂಡೆಯ ಮೇಲೆ ಅವರ ಹೊಸ ಮನೆ ಎದ್ದು ನಿಂತಿತು' ಎಂಬಲ್ಲಿಗೆ ಬಂದೆ. ಅಲ್ಲಿಗೆ ಹಾಳೆ ಮುಗಿದಿತ್ತು.

ಎದುರಿಗೆ ಹನ್ನೊಂದು ಹೆಂಗಸರು. ಎಲ್ಲರಿಗಿಂತ ಮುಂದೆ ನಮ್ಮವ್ವನ ಗೆಳತಿ, ನಾನು ಚಿಗವ್ವ ಎಂದು ಕರೆಯುತ್ತಿದ್ದ ಹುಲಿಗೆಮ್ಮ, ತುಂಬಿದ ಬಸುರಿ. ಪುಸ್ತಕ ಇಷ್ಟೇ ಎಂದು ಹೇಳುವ ಧೈರ್ಯ ಹನ್ನೆರಡು ವರ್ಷದ ನನಗೆ ಇರಲಿಲ್ಲ. ರಾಗ ನಿಲ್ಲಿಸದೆ ಮುಂದುವರಿಸಿದೆ. ನನಗೆ ಗೊತ್ತಿದ್ದ ಸುಖವನ್ನೆಲ್ಲ ಆಕೆಗೆ ಕೊಟ್ಟೆ: ಮಂದಾಕಿನಿ ಸಾಲಿಯ ಟೀಚರಾದಳು, ಕುರ್ಚಿಯ ಮೇಲೆ ಕೂತಳು, ಆಕೆಯ ತಲೆಯ ಮೇಲೆ ಫ್ಯಾನು ತಿರುಗಿತು, ದಿನಾ ಅನ್ನಕ್ಕೆ ತುಪ್ಪ ಹಾಕಿಕೊಂಡಳು, ನೂರು ವರ್ಷ ಬದುಕಿದಳು. ಹೆಂಗಸರು ಕಾಯಿ ಒಡೆದರು. ಎಂಟು ದಿನಕ್ಕೆ ಹುಲಿಗೆಮ್ಮ ಚಿಗವ್ವ ಹಡೆದಳು. ಹನುಮವ್ವ, ಯಲ್ಲಮ್ಮ, ದುರುಗಮ್ಮಂದಿರ ಓಣಿಯಲ್ಲಿ ಒಬ್ಬ ಮಂದಾಕಿನಿ ಕಣ್ಣು ಬಿಟ್ಟಳು.

ಇಲ್ಲಿಯವರೆಗೆ ಇದು ನಗುವ ಕತೆ. ನಾನೂ ನಗುತ್ತಲೇ ಹೇಳುತ್ತಿದ್ದೆ.

ಕೂಸು ತೊಟ್ಟಿಲಲ್ಲಿದ್ದಾಗ ಅದರ ಅಪ್ಪ ದುಡಿಯಲು ಮುಂಬೈಗೆ ಹೋದವನು ತಿರುಗಿ ಬರಲಿಲ್ಲ. ನಮ್ಮ ಕಡೆಯಿಂದ ಹಾಗೆ ಹೋದವರು ಬಹಳ ಮಂದಿ, ಯಾರೂ ಅದನ್ನು ಪುಸ್ತಕಕ್ಕೆ ತಳಕು ಹಾಕಲಿಲ್ಲ. ಹತ್ತನೇ ವರ್ಷ ನಾಗರಪಂಚಮಿಯಲ್ಲಿ ಜೋಕಾಲಿಯಿಂದ ಬಿದ್ದಳು. ನಾನಾಗ ರಾಯಚೂರಿನ ಕಾಲೇಜಿನಲ್ಲಿದ್ದೆ. ಊರಿಗೆ ಹೋದಾಗ ಅವಳ ಕುತ್ತಿಗೆಗೆ ಜೋಲಿ ಕಟ್ಟಿದ್ದರು. ಯಾವ ಕೈ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ, ಕೇಳಬೇಕಿರಲಿಲ್ಲ, ಕಾಣುತ್ತಿತ್ತು. ಎಡಗೈ. ಮುಂದೆ ಅವಳ ಲಗ್ನಪತ್ರಿಕೆ ಬಂತು: ವರ ದೇವದುರ್ಗದವನು. ಏನು ಮಾಡುತ್ತಾನೆ ಎಂದೆ. ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಎಂದರು. ಆ ಲಗ್ನಕ್ಕೆ ನಾನು ಜ್ವರದಲ್ಲಿ ಹೋಗಿ ಜ್ವರದಲ್ಲೇ ಬಂದೆ. ನಮ್ಮ ಮನೆಯಾಕೆ, "ಗಡಿಯಾರ ರಿಪೇರಿ ಮಾಡೋರು ಲಗ್ನ ಆಗಬಾರದೇನ್ರಿ? ಈಗ ಆತ ಮೊಬೈಲೂ ರಿಪೇರಿ ಮಾಡ್ತಾನಂತ, ಅದು ನಿಮ್ಮ ಪುಸ್ತಕದಾಗ ಇತ್ತೇನು?" ಎಂದಳು. ಇರಲಿಲ್ಲ. ಆ ಒಂದು ಮೊಬೈಲನ್ನು ಹಿಡಿದುಕೊಂಡು ನಾನು ಇಷ್ಟು ವರ್ಷ ಕಳೆದೆ.

ಇನ್ನೊಂದು ಸಮಾಧಾನವೂ ಇತ್ತು. ಮಂದಾಕಿನಿ ಟೀಚರಾಗಿದ್ದಳು. ದೇವದುರ್ಗದ ಹತ್ತಿರ, ಗಂಡನ ಮೂಲ ಊರಾದ ಹೊಳೆದಂಡೆಯ ಹಳ್ಳಿಯಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆ. ಕುರ್ಚಿ, ಮೇಲೆ ಫ್ಯಾನು. ಅಂದರೆ ಅವಳ ಬದುಕಿನ ಒಂದಿಷ್ಟು ಆ ಪುಸ್ತಕದ್ದು, ಒಂದಿಷ್ಟು ನನ್ನ ಬಾಯಿಯದು. ಕೊನೆ ಯಾರದು ಎಂಬುದೊಂದು ಉಳಿದಿತ್ತು. ಭಜಿಗೆ ಹೋದ ಪುಟಗಳಲ್ಲಿ ಏನಿತ್ತು ಎಂದು ನಾನು ಕಂಡ ಕಂಡ ಗ್ರಂಥಾಲಯದಲ್ಲಿ ಆ ಪುಸ್ತಕ ಹುಡುಕಿದೆ. ಸಿಗಬಾರದು ಎಂದು ಹಾರೈಸುತ್ತ ಹುಡುಕುವುದು ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು.

ಸಿಕ್ಕಿತು. ಎರಡು ತಿಂಗಳ ಹಿಂದೆ ಶಿಕ್ಷಕರ ತರಬೇತಿಗೆಂದು ಮಾನ್ವಿಗೆ ಹೋಗಿದ್ದೆ. ಊಟದ ಬಿಡುವಿನಲ್ಲಿ ಅಲ್ಲಿಯ ಗ್ರಂಥಾಲಯದಲ್ಲಿ ಕೂತೆ. ಯಾರೋ ನಿವೃತ್ತ ಮುಖ್ಯೋಪಾಧ್ಯಾಯರ ಮನೆಯವರು ಕೊಟ್ಟ ಪುಸ್ತಕಗಳು ಮೂಲೆಯಲ್ಲಿ ಒಟ್ಟಿದ್ದವು. ಮೇಲಿನದನ್ನು ತೆರೆದು ಮೊದಲ ಸಾಲು ಓದಿದೆ. ಓದಿದೆ ಎನ್ನುವುದು ತಪ್ಪು. ಒಳಗೆ ಆ ಪುರಾಣದ ರಾಗ ತಾನಾಗಿ ಶುರುವಾಯಿತು.

ಈ ಸಲ ಕೊನೆಯ ಹಾಳೆಗಳಿದ್ದವು. ಆದರೆ ಮುದ್ರಣವಾದಾಗ ಅವುಗಳ ಅಂಚು ಕತ್ತರಿಸಿರಲಿಲ್ಲ. ಮಡಿಕೆ ಹಾಗೇ ಕೂಡಿಕೊಂಡಿತ್ತು. ಅಂದರೆ ಆ ಪ್ರತಿಯ ಕೊನೆಯನ್ನು ಇದುವರೆಗೆ ಯಾರೂ ಓದಿರಲಿಲ್ಲ. ಮುಚ್ಚಿಟ್ಟು ಎದ್ದು ಬರಬಹುದಿತ್ತು. ಜೇಬಿನಲ್ಲಿದ್ದ ಆರಿಂಚಿನ ಅಳತೆಪಟ್ಟಿಯಿಂದ ನಾನೇ ಕತ್ತರಿಸಿದೆ.

ಹೆಚ್ಚಿನ ಹಾಳೆಗಳಲ್ಲಿ ಹೊಸ ಮನೆಯ ವರ್ಣನೆ; ಆಕೆಯ ಕೊನೆ ಅರ್ಧ ಪುಟ ಇತ್ತು ಅಷ್ಟೇ. ಹೊಸ ಮನೆಯ ಪ್ರವೇಶದ ದಿನ, ನೆತ್ತಿಯ ಮೇಲೆ ಬಿಸಿಲು ಬಂದ ಹೊತ್ತಿಗೆ, ಮಂದಾಕಿನಿ ಹಸಿರು ಸೀರೆ ಉಟ್ಟು ಕೊಡ ಹಿಡಿದು ಹೊಳೆಯ ಮೆಟ್ಟಿಲಿಳಿಯುತ್ತಾಳೆ. ಕೊನೆಯ ಮೆಟ್ಟಿಲಲ್ಲಿ ಅವಳ ಕಾಲನ್ನು ಏನೋ ಹಿಡಿಯುತ್ತದೆ. ದಂಡೆಯ ಮೇಲಿದ್ದವರಿಗೆ ಕಂಡದ್ದು ತೇಲಿ ಬಂದ ಕೊಡ.

ಪುಸ್ತಕವನ್ನು ನನ್ನ ಹೆಸರಿಗೆ ಬರೆಸಿ ಚೀಲಕ್ಕೆ ಹಾಕಿಕೊಂಡೆ. ಅದು ಅಲ್ಲಿದ್ದು ಇನ್ನಾರೋ ಓದುವುದು ಬೇಡ ಎನಿಸಿತು. ರಾಯಚೂರಿನ ಬಸ್ಸು ಹತ್ತಿ ಕೂತಾಗ ಫೋನು ಬಂತು.

"ಯಣ್ಣಾ, ನಾ ಮಂದಾಕಿನಿ. ಹೊಸ ಮನಿ ಮುಗೀತು ನೋಡು. ಹೊಳಿ ದಂಡಿಗೇ ಕಟ್ಟೀವಿ. ಮುಂದಿನ ತಿಂಗಳ ಒಪನಿಂಗ್ ಅದ, ಅತ್ತಿಗಿನ್ನ ಕರಕೊಂಡು ಬರ್ಬೇಕು."

"ಹೊಳಿ ದಂಡಿಗ್ಯಾಕ? ದೇವದುರ್ಗದಾಗ ಪ್ಲಾಟ್ ಸಿಗಲಿಲ್ಲೇನು?"

"ಅಯ್ಯ, ಗಾಳಿ ಎಷ್ಟ್ ಚಲೋ ಬರ್ತದ ಗೊತ್ತದ ಏನು? ಯಾಕ, ಏನಾತು?"

ಏನೂ ಇಲ್ಲ ಎನ್ನಬೇಕಿತ್ತು. ನನ್ನ ಬಾಯಿ ಮೊದಲಿನಿಂದಲೂ ನನ್ನ ಕೈಯಲ್ಲಿಲ್ಲ. "ನಿನ್ನ ಹೆಸರಿನ ಪುಸ್ತಕ ಸಿಕ್ತವ್ವ" ಎಂದುಬಿಟ್ಟೆ.

"ಹೌದಾ! ತಗೊಂಡು ಬಾ ಮತ್ತ. ಕಡೀಗೆ ಆಕಿ ಏನಾಗ್ತಾಳ ನೋಡಣು."

ಒಂದು ತಿಂಗಳು ನನಗೆ ಊಟ ಊಟವಾಗಿರಲಿಲ್ಲ. ಮೊಸಳೆಯ ಸುದ್ದಿ ಬಂದ ಪತ್ರಿಕೆಯ ತುಣುಕುಗಳನ್ನು ಅವಳ ವಾಟ್ಸಾಪಿಗೆ ಕಳಿಸಿದೆ. ಕೃಷ್ಣೆಯಲ್ಲಿ ಮೊಸಳೆಗಳಿರುವುದು ಸುಳ್ಳೇನಲ್ಲ. ಅವಳು ನಗುವ ಮುಖದ ಚಿತ್ರ ಕಳಿಸಿದಳು. ಕಾಲು ಜಾರದಂತಹ ಚಪ್ಪಲಿ ಕೊಂಡು ಕಳಿಸಲೇ ಎಂದು ಕೇಳಿದೆ. "ಪೂಜಿಗೆ ಚಪ್ಪಲಿ ಹಾಕ್ಕೊಂಡು ಹೋಗ್ಲ್ಯಾ?" ಎಂದಳು.

ಆ ದಿನ ಒಬ್ಬನೇ ಹೋದೆ. ನಮ್ಮ ಮನೆಯಾಕೆಗೆ ಡ್ಯೂಟಿ ಇತ್ತು. ಬಸ್ಸು ಕಲ್ಮಲ ದಾಟಿದ ಮೇಲೆ ಚೀಲದೊಳಗಿನ ಪುಸ್ತಕ ಬಿಸಿಯಾಗಿದೆ ಎನಿಸಿ ಮಡಿಲಿನಿಂದ ಪಕ್ಕಕ್ಕಿಟ್ಟೆ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಅದಕ್ಕೇ ಇರಬೇಕು. ದೇವದುರ್ಗದಿಂದ ಆಟೋ. ಹೊಸ ಮನೆಯ ಮುಂದೆ ಶಾಮಿಯಾನ, ಮಾವಿನ ತೋರಣ, ಶಾಲೆಯ ಟೀಚರುಗಳು, ಬಾಗಿಲಲ್ಲಿ ಮಂದಾಕಿನಿ.

ಹಸಿರು ಸೀರೆ ಉಟ್ಟಿದ್ದಳು.

"ಬಾ ಯಣ್ಣಾ. ಸೀರಿ ಹೆಂಗದ? ಎಲ್ಲಾರೂ ಟೀಚರ್ಸ್ ಕೂಡಿ ಉಡಿ ತುಂಬ್ಯಾರ. ಪುಸ್ತಕ ತಂದಿಯಿಲ್ಲೋ?"

"ಬಣ್ಣ ಬೇರೆ ಇರಲಿಲ್ಲೇನು?" ಎಂದೆ. ಅವಳು ನಗುತ್ತ ಅಡುಗೆಯವರ ಕಡೆ ಹೋದಳು.

ಒಳಗೆ ಹುಲಿಗೆಮ್ಮ ಚಿಗವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹಲ್ಲು ಹೋಗಿವೆ, ಕಣ್ಣು ಇನ್ನೂ ಗಿಡುಗನವು. "ಏನಲೇ ಪುರಾಣಪ್ಪ, ಮಕ ಯಾಕ ಸುಣ್ಣ ಬಡದಂಗ ಆಗ್ಯದ? ಬಸ್ಸಿನ್ಯಾಗ ವಾಂತಿ ಗೀಂತಿ ಮಾಡ್ಕಂಡಿ ಏನು?"

ಅವಳ ಪಕ್ಕದಲ್ಲಿ ಕೂತೆ. ನಲವತ್ತು ವರ್ಷ ಹೊತ್ತದ್ದನ್ನು ಇಳಿಸಿಬಿಡಬೇಕು ಎನಿಸಿತು. "ಚಿಗವ್ವ, ಅವತ್ತು ಕಡೀ ಅಮಾಸಿಗೆ ನಾ ಓದಿದ್ದು ಪುಸ್ತಕದಾಗ ಇರಲಿಲ್ಲ. ಹಾಳಿ ಹರದಿದ್ವು. ಬಾಯಿಗೆ ಬಂದಂಗ ಹೇಳಿದ್ನಿ."

"ಗೊತ್ತದ."

"ಗೊತ್ತದ ಅಂದ್ರ?"

"ನನಗ ಅಕ್ಷರ ಬರಂಗಿಲ್ಲ, ಕಣ್ಣ ಕಾಣ್ತಾವಲ್ಲ. ವರ್ಷ ತುಂಬಾ ನಿನ್ನ ಕೈ ಹಾಳಿ ತಿರುವ್ತಿತ್ತು. ಅವತ್ತು ಕೈ ಸುಮ್ಮ ಕುಂತಿತ್ತು, ಬಾಯಿ ಒಂದ ಓಡಾಕತ್ತಿತ್ತು. ಈ ಹುಡುಗ ತನ್ನ ಹೊಟ್ಟ್ಯಾಗಿಂದು ಹೇಳಾಕತ್ತಾನ ಅಂದ್ಕಂಡೆ."

"ಮತ್ತ ಕೂಸಿಗೆ ಆ ಹೆಸರು ಯಾಕ ಇಟ್ಟಿ?"

"ಆ ಪುಸ್ತಕದಾಕಿ ಹೆಸರು ಯಾರಿಗೆ ಬೇಕಾಗಿತ್ತಲೇ? ನೀ ಹೇಳಿದಾಕಿ ಹೆಸರು ಇಟ್ಟೆ. ಕುರ್ಚಿ ಮ್ಯಾಲ ಕುಂತಾಕಿದು." ಬಾಯಿ ಒರೆಸಿಕೊಂಡು ನನ್ನ ಚೀಲ ನೋಡಿದಳು. "ಈಗ ಹಾಳಿ ಸಿಕ್ಕಾವ?"

"ಸಿಕ್ಕಾವ."

"ಓದಬ್ಯಾಡ. ನನ್ನ ಮುಂದೂ ಬ್ಯಾಡ, ಆಕಿ ಮುಂದೂ ಬ್ಯಾಡ."

ಅಷ್ಟರಲ್ಲಿ ಹೊರಗೆ ಗದ್ದಲ. ಗಂಗೆ ತರುವ ಹೊತ್ತಾಗಿತ್ತು. ಹೊಸ ಮನೆಗೆ ಮೊದಲ ಕೊಡ ನೀರನ್ನು ಮನೆಯೊಡತಿಯೇ ಹೊಳೆಯಿಂದ ತುಂಬಿ ತರಬೇಕು. ಬೆಳಿಗ್ಗೆ ಆಗಬೇಕಾದದ್ದು, ಶಾಮಿಯಾನದವರಿಂದ ತಡವಾಗಿ ಬಿಸಿಲು ನೆತ್ತಿಗೆ ಬಂದಿತ್ತು.

"ನಳದ ನೀರು ನಡಿಯಂಗಿಲ್ಲೇನು?" ಎಂದೆ.

"ಯಣ್ಣಾ, ನಳಕ್ಕ ಸೀರಿ ಉಡಿಸಿ ಪೂಜಿ ಮಾಡ್ಲ್ಯಾ?" ಎಂದಳು ಮಂದಾಕಿನಿ. ಎಲ್ಲರೂ ನಕ್ಕರು. ಮೊಸಳೆಯ ಮಾತೆತ್ತಿದೆ. "ನಿನ್ನ ಮೆಸೇಜ್ ನೋಡಿ ಮೊಸಳಿ ಎಲ್ಲಾ ಓಡಿ ಹೋಗ್ಯಾವ" ಎಂದಳು.

ಮನೆಯ ಹಿಂದೆ ಐವತ್ತು ಹೆಜ್ಜೆ ನಡೆದರೆ ಹಳೆಯ ಕಲ್ಲಿನ ಮೆಟ್ಟಿಲು. ಕೆಳಗಿನ ನಾಲ್ಕೈದು ಮೆಟ್ಟಿಲು ದೊಡ್ಡ ಬಂಡೆಯೊಂದರ ಮರೆಗೆ ಹೋಗುತ್ತವೆ. ಹೆಂಗಸರು ಮೇಲಿನ ಮೆಟ್ಟಿಲಲ್ಲಿ ದೀಪ ಹಚ್ಚಿ, ಕಾಯಿ ಒಡೆದು ಹಾಡತೊಡಗಿದರು. ಮಂದಾಕಿನಿ ಕೊಡ ಹಿಡಿದು ಇಳಿದಳು. ಕೆಳಗೆ ಪಾಚಿ ಇರುವುದರಿಂದ ಒಬ್ಬಳೇ ಹೋಗಲಿ ಎಂದರು ಯಾರೋ. ಹಸಿರು ಸೆರಗು ಬಂಡೆಯ ಮರೆಗೆ ಸರಿಯಿತು.

ಹಾಡು ಒಂದು ಸುತ್ತು ಮುಗಿಯಿತು. ಮತ್ತೊಂದು ಸುತ್ತು ಹಾಡಿದರು. ಕೊಡ ತುಂಬಲು ಅಷ್ಟು ಹೊತ್ತು ಬೇಕಿರಲಿಲ್ಲ. ಹಾಡುವವರ ಧ್ವನಿ ಒಂದೊಂದಾಗಿ ಕಡಿಮೆಯಾಗಿ ನಿಂತಿತು. ಹೊಳೆಯ ಸಪ್ಪಳವೂ ಇರಲಿಲ್ಲ. ನೀರು ಬಿಳಿ ತಗಡಿನಂತೆ ಹೊಳೆಯುತ್ತ ಮಲಗಿತ್ತು. "ಮಂದಾ?" ಎಂದ ಅವಳ ಗಂಡ. ಉತ್ತರವಿಲ್ಲ. ಮುಂದಿನ ಸಾಲು ನನಗೆ ಗೊತ್ತಿತ್ತು. ಬಂಡೆಯ ಪಕ್ಕದಿಂದ ಏನು ತೇಲಿ ಬರಬೇಕು ಎಂಬುದು ನನಗೊಬ್ಬನಿಗೇ ಗೊತ್ತಿತ್ತು, ನಾನು ಅದನ್ನು ಕಾಯುತ್ತಿದ್ದೆ.

ಹುಲಿಗೆಮ್ಮ ಚಿಗವ್ವ ನನ್ನ ರಟ್ಟೆ ಹಿಡಿದಳು. ಉಗುರು ನಾಟಿದವು. "ಓದಲೇ" ಎಂದಳು.

"ಏನು ಓದ್ಲಿ?"

"ಅವತ್ತು ಓದಿದಂಗ ಓದು."

ಆಮೇಲೆ ಆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಕೋಟು ಹಾಕಿಕೊಂಡ ಶಿಕ್ಷಣ ಇಲಾಖೆಯವರು, ಫೋಟೋ ತೆಗೆಯುವವರು, ಬೀಗರು ಎಲ್ಲ ನಿಂತಿರುವಾಗ, ಐವತ್ತಮೂರು ವರ್ಷ ವಯಸ್ಸಿನ ವಿಜ್ಞಾನ ಶಿಕ್ಷಕ ಹೊಳೆಯ ದಂಡೆಯಲ್ಲಿ ಬಾಯಿ ತೆರೆದು ಪುರಾಣದ ರಾಗ ಎತ್ತಿದ. "ಮಂದಾಕಿನಿಯು ಕೊಡವ ತುಂಬಿದಳು, ತುಂಬಿದ ಕೊಡವ ಹೆಗಲಿಗೇರಿಸಿದಳು, ಒಂದನೆಯ ಮೆಟ್ಟಿಲ ಹತ್ತಿದಳು..." ಯಾರೋ ಕಿಸಕ್ಕನೆ ನಕ್ಕರು. ಎರಡನೆಯ ಮೆಟ್ಟಿಲು ಹತ್ತಿಸಿದೆ. ಮೂರನೆಯದು. ಬಂಡೆಯ ಮರೆಯಿಂದ ಕೊಡದ ಬಾಯಿ ಕಂಡಿತು, ಆಮೇಲೆ ತಲೆ, ಆಮೇಲೆ ಹಸಿರು ಸೀರೆ. ಆರನೆಯದನ್ನು ಹೇಳಿದ ಮೇಲೆ ನನಗೆ ಕೆಮ್ಮು ಬಂತು. ಅವಳು ಆರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು. ಕೊಡ ಸರಿಮಾಡಿಕೊಳ್ಳಲು ನಿಂತಿರಬಹುದು. ನಾನು ಕೆಮ್ಮು ನುಂಗಿ ಏಳನೆಯದನ್ನು ಹೇಳಿದೆ. ಅವಳು ಕಾಲೆತ್ತಿದಳು.

ಮೇಲೆ ಬಂದವಳೇ ಕೊಡವನ್ನು ಗಂಡನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಎಡಗಾಲಲ್ಲಿ ಗೆಜ್ಜೆಗಿಂತ ಮೇಲೆ ಕೆಂಪಗೆ ಒಂದು ಸುತ್ತು ಗುರುತು, ಬಳೆ ತೊಡಿಸಿದಂತೆ.

"ಕಡೀ ಮೆಟ್ಲಿನ್ಯಾಗ ಕಾಲಿಗೆ ಏನೋ ಹಿಡಕಂಡ್ತು. ಬಿಡಿಸಿಕೊಳ್ಳಾಕ ಬರವಲ್ದು, ಬಾಯಿಲೆ ಮಾತೂ ಬರವಲ್ದು. ಯಣ್ಣನ ಧ್ವನಿ ಕೇಳ್ತು, ಬಿಟ್ಟುಬಿಡ್ತು."

"ಬಲಿ ಇರಬೇಕು. ನಿನ್ನಿ ಮೀನು ಹಿಡಿಯೋರು ಹಾಕಿದ್ರು" ಎಂದ ಗಂಡ. ಎಲ್ಲರೂ ಹೌದು, ಬಲೆಯೇ ಇರಬೇಕು ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು.

ಅವಳು ಕಾಲು ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದಳು. "ಯಣ್ಣಾ, ಆ ಪುಸ್ತಕದಾಗ ಹಿಂಗೇನರ ಅದ ಏನು?"

"ಇಲ್ಲವ್ವ" ಎಂದೆ. "ಅದರಾಗ ಆಕಿ ನೀರು ತಗೊಂಡು ಮ್ಯಾಲ ಬರ್ತಾಳ. ಹೊಸ್ತಿಲ ದಾಟ್ತಾಳ. ನೂರು ವರ್ಷ ಇರ್ತಾಳ."

"ಅಷ್ಟ ಏನು? ಸಪ್ಪಗದ ಬಿಡು" ಎಂದು ನಗುತ್ತ ಎದ್ದು, ಕೊಡ ಮತ್ತೆ ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದಳು. ಹೆಂಗಸರು ಹಾಡುತ್ತ ಹಿಂದೆ ಹೊರಟರು.

ಹುಲಿಗೆಮ್ಮ ಚಿಗವ್ವ ಹೊರಡಲಿಲ್ಲ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಅವತ್ತಿನಂತೆಯೇ ಸುಮ್ಮನಿದ್ದ ನನ್ನ ಕೈಗಳನ್ನು ನೋಡುತ್ತಿದ್ದಳು.